ಸೋದರಿ ನಕ್ಕಿದ್ದ ‘ಖಾನಾವಳಿ’: ಮುಂಬೈನ ತಾಜ್ ಹೋಟೆಲ್ ಕಟ್ಟಿದ್ದೇಕೆ?

ತಾಜ್ ಹೋಟೆಲ್ ಅಂದ ಕೂಡಲೇ ಒಂದು ಕಥೆ ಬರುತ್ತದೆ. ಜೆಮ್‌ಷೆಡ್‌ಜಿ ಟಾಟಾ ಅವರನ್ನು ವಾಟ್ಸನ್ ಹೋಟೆಲಿನ ಬಾಗಿಲಲ್ಲೇ ತಡೆದರು, ಇದು ಬಿಳಿಯರಿಗೆ ಮಾತ್ರ ಅಂದರು, ಆ ಸಿಟ್ಟಿಗೆ ಅವರು ತಾಜ್ ಕಟ್ಟಿಸಿದರು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇದಕ್ಕೆ ಗಟ್ಟಿ ದಾಖಲೆ ಇಲ್ಲ. ಸಿಟ್ಟಿಗೆ ಒಂದು ಅಂಗಡಿ ಇಡಬಹುದು, ಇಷ್ಟು ದೊಡ್ಡ ಕಟ್ಟಡ ಎಬ್ಬಿಸೋಕೆ ಬೇರೇನೋ ಬೇಕು, ಅಲ್ವಾ?

ಆ ಬೇರೇನೋ ಪ್ಲೇಗ್ ಅಂತ ನನಗನ್ನಿಸುತ್ತದೆ. 1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಶುರುವಾದ ರೋಗ ಊರಿಗೆಲ್ಲ ಹಬ್ಬಿತು. ಲಕ್ಷಗಟ್ಟಲೆ ಜನ ಗಂಟುಮೂಟೆ ಕಟ್ಟಿ ಮುಂಬೈ ಬಿಟ್ಟರು. ವ್ಯಾಪಾರ ಮಲಗಿತು. ಹೊರಗಿನವರಿಗೆ ಮುಂಬೈ ಹೆಸರೇ ಭಯ. ಇಂಥ ಹೊತ್ತಲ್ಲಿ, ಆ ಭಯ ಹೋಗಿಸಲೆಂದೇ ಇರಬೇಕು, ಟಾಟಾ ಅಪೊಲೊ ಬಂದರಿನಲ್ಲಿ, ಹಡಗಿಂದ ಇಳಿದವರ ಕಣ್ಣೆದುರಿಗೇ, ತಮ್ಮ ಕೈಯಿಂದ ದುಡ್ಡು ಹಾಕಿ ಹೋಟೆಲ್ ಕಟ್ಟಲು ಹೊರಟರು.

ಮನೆಯವರಿಗೇ ಇದು ಹಿಡಿಸಲಿಲ್ಲ. ಬೆಂಗಳೂರಲ್ಲಿ ವಿಜ್ಞಾನ ಸಂಸ್ಥೆ, ಉಕ್ಕಿನ ಕಾರ್ಖಾನೆ ಅಂತೀಯ, ಈಗ ಖಾನಾವಳಿನೂ ಹಾಕ್ತೀಯಾ ಅಂತ ಅವರ ಸೋದರಿ ಕೇಳಿದ್ದರಂತೆ.

ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ನಕ್ಷೆ ಹಾಕಿದರು. ವೈದ್ಯ ನಡುವೆಯೇ ತೀರಿಕೊಂಡರು, ಡಬ್ಲ್ಯು.ಎ. ಚೇಂಬರ್ಸ್ ಕೆಲಸ ಮುಗಿಸಿದರು. ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಬಿಟ್ಟರು, ಅದನ್ನು ನೋಡಿ ವಾಸ್ತುಶಿಲ್ಪಿ ಪ್ರಾಣ ಬಿಟ್ಟ ಅನ್ನೋದು ಸುಮ್ನೆ ಹುಟ್ಟಿದ ಪುಕಾರು. ಮುಖ್ಯ ಬಾಗಿಲು ಊರಿನ ಕಡೆಗೆ ಇದ್ದದ್ದು ನಿಜ. ಕುದುರೆ ಗಾಡಿಗಳು ಅಲ್ಲಿಗೇ ಬರುತ್ತಿದ್ದವು. ಈಗ ಆ ಜಾಗದಲ್ಲಿ ಈಜುಕೊಳ ಇದೆ.

1903ರ ಡಿಸೆಂಬರ್ 16ಕ್ಕೆ ಬಾಗಿಲು ತೆರೆಯಿತು. ಮೊದಲ ದಿನ ಬಂದವರು 17 ಜನ. ಒಳಗೆ ಕರೆಂಟ್ ದೀಪ, ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು. ಐದೇ ತಿಂಗಳಿಗೆ, 1904ರ ಮೇನಲ್ಲಿ, ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಸಂಸ್ಥೆ ಶುರುವಾಗಿದ್ದು 1909ರಲ್ಲಿ, ಉಕ್ಕಿನ ಕಾರ್ಖಾನೆ ಅದಕ್ಕೂ ಆಮೇಲೆ. ಆ ಪಟ್ಟಿಯಲ್ಲಿ ಅವರು ಕಣ್ಣಾರೆ ಕಂಡಿದ್ದು ಸೋದರಿ ನಕ್ಕಿದ್ದ ಖಾನಾವಳಿ ಒಂದನ್ನೇ.

ಗೇಟ್‌ವೇ ಆಫ್ ಇಂಡಿಯಾ ಮೊದಲು, ತಾಜ್ ಆಮೇಲೆ ಅಂದುಕೊಂಡವರೇ ಜಾಸ್ತಿ. ಗೇಟ್‌ವೇ ಪೂರ್ತಿಯಾಗಿದ್ದು 1924ರಲ್ಲಿ. ಅಲ್ಲಿಯವರೆಗೆ ಸಮುದ್ರದಿಂದ ಬರುವವರಿಗೆ ಮುಂಬೈನ ಗುರುತು ಅಂದರೆ ಈ ಹೋಟೆಲಿನ ಗುಮ್ಮಟ. ಮೊದಲ ಮಹಾಯುದ್ಧದಲ್ಲಿ ಇದೇ ಕಟ್ಟಡ 600 ಹಾಸಿಗೆಯ ಆಸ್ಪತ್ರೆಯಾಯಿತು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಹೊರಟಿದ್ದೂ ಇದರ ಎದುರಿನ ಗೇಟ್‌ವೇ ಮೂಲಕ. 1970ರ ದಶಕದಲ್ಲಿ ಪಕ್ಕಕ್ಕೊಂದು ಟವರ್ ಎದ್ದಿತು. ಹಳೆಯ ಗುಮ್ಮಟದ ಪಕ್ಕ ಅದು ನನ್ನ ಕಣ್ಣಿಗೆ ಇನ್ನೂ ಹೊಂದಿಲ್ಲ.

2008ರ ನವೆಂಬರ್ 26ರ ರಾತ್ರಿ ಉಗ್ರರು ದಾಳಿ ಮಾಡಿದಾಗ ಆ ಗುಮ್ಮಟದ ಸುತ್ತ ಹೊಗೆ ಎದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಹೋಟೆಲಿನಲ್ಲಿ 31 ಜನ ಸತ್ತರು. ಅತಿಥಿಗಳನ್ನು ಬಚಾವ್ ಮಾಡಲು ನಿಂತ ಸಿಬ್ಬಂದಿಯೂ ಅವರಲ್ಲಿದ್ದರು. ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟಿದ್ದು ಇಲ್ಲೇ. ಟವರ್ ಒಂದು ತಿಂಗಳೊಳಗೆ, ಡಿಸೆಂಬರ್ 21ಕ್ಕೆ ತೆರೆಯಿತು. ಸುಟ್ಟ ಹಳೆಯ ಭಾಗ ಪೂರ್ತಿ ರಿಪೇರಿಯಾಗಿ ತೆರೆದಾಗ 2010ರ ಆಗಸ್ಟ್ 15.

ವಾಟ್ಸನ್ ಹೋಟೆಲ್ ಏನಾಯಿತು ಅಂತೀರಾ? ಇಂಗ್ಲೆಂಡಿನಿಂದ ಕಬ್ಬಿಣದ ಚೌಕಟ್ಟು ತಂದು ಜೋಡಿಸಿದ, 1896ರಲ್ಲಿ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ್ದ ಆ ಕಟ್ಟಡ ಕಾಲಾ ಘೋಡಾದಲ್ಲೇ ಇದೆ. ಹೆಸರು ಈಗ ಎಸ್‌ಪ್ಲನೇಡ್ ಮ್ಯಾನ್ಷನ್. 2005ರಲ್ಲಿ ಅದರ ಒಂದು ಬಾಲ್ಕನಿ ಕುಸಿದು ಬಿತ್ತು.