ಪದ ಪರಿಚಯ: ಗುರುತಿನ ದಾಖಲೆ ನೆರವು

ಜೈಲಿನಿಂದ ಹೊರಬರುವವರಿಗೆ ಜನನ ಪ್ರಮಾಣಪತ್ರ, ಭಾವಚಿತ್ರವಿರುವ ಗುರುತಿನ ಚೀಟಿ, ಚಾಲನಾ ಪರವಾನಗಿಯಂಥ ಕಾಗದಪತ್ರಗಳನ್ನು ಹೊಸದಾಗಿ ಮಾಡಿಸಿಕೊಡುವ ಅಥವಾ ನವೀಕರಿಸಿಕೊಡುವ ಕೆಲಸವನ್ನು ಗುರುತಿನ ದಾಖಲೆ ನೆರವು ಎನ್ನಬಹುದು. ಜೈಲು ಸಿಬ್ಬಂದಿ, ಕಾನೂನು ನೆರವಿನ ವಕೀಲರು, ಸ್ವಯಂಸೇವಕರು ಇದರಲ್ಲಿ ತೊಡಗುತ್ತಾರೆ. ಪುನರ್ವಸತಿ ಎಂದರೆ ಕಸುಬಿನ ತರಬೇತಿ, ಆಪ್ತಸಮಾಲೋಚನೆ ಎಂದಷ್ಟೇ ತಿಳಿಯುವವರು ಇದನ್ನು ಗುಮಾಸ್ತರ ಕೆಲಸವೆಂದು ಬದಿಗಿಡುವುದುಂಟು. ಆದರೆ ಕಸುಬು ಕಲಿತವನಿಗೂ ಸಂಬಳ ಬರಲು ಬ್ಯಾಂಕ್ ಖಾತೆ ಬೇಕು, ಖಾತೆ ತೆರೆಯಲು ಗುರುತಿನ ಚೀಟಿ ಬೇಕು.

ಮೊದಲಿದ್ದ ಕಾಗದಗಳು ಏನಾದವು? ಕೆಲವು ಬಂಧನದ ವೇಳೆ ಪರ್ಸಿನೊಡನೆ ಜಪ್ತಿಯಾಗಿರುತ್ತವೆ. ಕೆಲವು ಬಾಡಿಗೆ ಕಟ್ಟಲಾಗದೆ ಮನೆ ಖಾಲಿಯಾದಾಗ ಸಾಮಾನಿನ ಜೊತೆ ಹೋಗಿರುತ್ತವೆ. ಕೈಗೆ ಸಿಕ್ಕವುಗಳ ಅವಧಿ ಮುಗಿದಿರುತ್ತದೆ. ಅಲ್ಲಿಂದ ಸುತ್ತಾಟ ಶುರು: ಗುರುತಿನ ಚೀಟಿಗೆ ಹೋದರೆ ಜನನ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ, ಜನನ ಪ್ರಮಾಣಪತ್ರದ ನಕಲು ಕೇಳಿದರೆ ಗುರುತಿನ ಚೀಟಿ ತೋರಿಸಿ ಎನ್ನುತ್ತಾರೆ. ಎರಡಕ್ಕೂ ವಿಳಾಸ ಬೇಕು. ಚೀಟಿಯಿಲ್ಲದವನಿಗೆ ಮನೆ ಬಾಡಿಗೆಗೆ ಕೊಡುವವರು ಸಿಗುವುದು ಕಷ್ಟ. ಆನ್‌ಲೈನ್ ಅರ್ಜಿ ಹಾಕೋಣವೆಂದರೆ ಒಟಿಪಿ ಹೋಗುವುದು ಎಂದೋ ರದ್ದಾಗಿ ಬೇರೆಯವರ ಪಾಲಾದ ಮೊಬೈಲ್ ಸಂಖ್ಯೆಗೆ.

ಜೈಲಿನ ಬಿಡುಗಡೆ ಪತ್ರವನ್ನು ಎಲ್ಲ ಕಚೇರಿಗಳೂ ಪುರಾವೆಯಾಗಿ ಒಪ್ಪುವುದಿಲ್ಲ. ಒಪ್ಪಿದರೂ ಅದನ್ನು ಕೌಂಟರಿನಲ್ಲಿ ಚಾಚುವವನು ಹಿಂದೆ ಸಾಲಿನಲ್ಲಿ ನಿಂತವರಿಗೂ ತನ್ನ ಕಥೆ ಹೇಳಿದಂತೆಯೇ. ಹೊಸ ಚೀಟಿಯ ಮೇಲೆ ಜೈಲಿನ ವಿಳಾಸ ಅಚ್ಚಾಗಿಬಿಟ್ಟರಂತೂ ಆ ಪಾಡು ಚೀಟಿ ಬದಲಾಗುವವರೆಗೂ ತಪ್ಪಿದ್ದಲ್ಲ. ಠಾಣೆಯಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರಿಗೂ ಜನನ ನೋಂದಣಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಅಫಿಡವಿಟ್ಟಿನ ಅಲೆದಾಟ ಬೇರೆ.

ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಅಂಗೀಕರಿಸಿದ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ನೆಲ್ಸನ್ ಮಂಡೇಲಾ ನಿಯಮಗಳ 108ನೇ ನಿಯಮ, ಬಿಡುಗಡೆಯಾದವರಿಗೆ ಸೂಕ್ತ ದಾಖಲೆ ಮತ್ತು ಗುರುತಿನ ಪತ್ರಗಳು ದೊರೆಯಬೇಕು ಎನ್ನುತ್ತದೆ. 1955ರ ಮೂಲ ನಿಯಮಾವಳಿಯಲ್ಲೇ ಈ ಮಾತಿತ್ತು. ಆದರೆ ‘ಸಾಧ್ಯವಿದ್ದಷ್ಟು’ ಎಂಬ ವಿನಾಯಿತಿಯೂ ಅದರೊಳಗಿದೆ, ನುಣುಚಿಕೊಳ್ಳಲು ಅಷ್ಟು ಸಾಕು. ಅಮೆರಿಕದಲ್ಲಿ 2018ರ ಫಸ್ಟ್ ಸ್ಟೆಪ್ ಕಾಯ್ದೆಯು, ಫೆಡರಲ್ (ಕೇಂದ್ರ ಸರ್ಕಾರದ ವಶದಲ್ಲಿರುವ) ಕೈದಿಗಳು ಬಿಡುಗಡೆಗೆ ಮುನ್ನವೇ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಮತ್ತು ಭಾವಚಿತ್ರವಿರುವ ಚೀಟಿ ಪಡೆಯಲು ನೆರವಾಗಬೇಕೆಂದು ಜೈಲು ಆಡಳಿತಕ್ಕೆ ಹೇಳಿದೆ.

‘ಮುನ್ನವೇ’ ಎಂದರೆ ಯಾವಾಗ? ನನ್ನ ಪ್ರಕಾರ ಜೈಲಿಗೆ ಕಾಲಿಟ್ಟ ದಿನವೇ. ಆ ದಿನ ಹೇಗೂ ಫೋಟೊ ತೆಗೆದು, ಬೆರಳಚ್ಚು ಒತ್ತಿಸಿ, ತಂದೆತಾಯಿಯ ಹೆಸರು ಬರೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಕೂಡಿಹಾಕುವಷ್ಟು ಖಚಿತವಾಗಿ ಗುರುತು ಹಿಡಿದಿದ್ದ ಸರ್ಕಾರವೇ ಬಿಟ್ಟ ಮರುದಿನ ‘ನೀನು ಯಾರು, ಪುರಾವೆಯೇನು’ ಎಂದು ಕೇಳುವುದಕ್ಕೆ ಏನೆನ್ನಬೇಕು! ದಾಖಲಾತಿಯ ಹೊತ್ತಿನಲ್ಲೇ ಯಾವ ಕಾಗದ ಇಲ್ಲವೆಂದು ಗುರುತಿಸಿ ಅರ್ಜಿ ಹಾಕಿಸಿದರೆ, ಶುಲ್ಕ ಮನ್ನಾ ಮಾಡಿಸಿದರೆ, ತಪ್ಪು ಹೆಸರು ತಿದ್ದಿಸಲೂ ಸಮಯವಿರುತ್ತದೆ.

ಈ ನೆರವು ಸುಲಭವಾಗಿ ಕೈತಪ್ಪುವುದು ವಿಚಾರಣಾಧೀನ ಕೈದಿಗಳಿಗೆ. ಅವರ ಬಿಡುಗಡೆಗೆ ಗೊತ್ತಾದ ದಿನಾಂಕವಿಲ್ಲ. ಸಂಜೆ ಜಾಮೀನಿನ ಆದೇಶ ತಲುಪಿದರೆ ರಾತ್ರಿಯೇ ಹೊರಗಿರಬಹುದು, ಅರ್ಜಿ ಇನ್ನೂ ಕಡತದಲ್ಲೇ ಇರುತ್ತದೆ.