ಮೊಣಕೈ ನೋವಿಗೆ ಕಪ್ಪಿಂಗ್ ಮಾಡಿಸಬಹುದಾ?

ಪ್ರಶ್ನೆ: ನನಗೆ 44 ವರ್ಷ. ಪೆರ್ಲದ ಹತ್ತಿರ ಸ್ವಲ್ಪ ಅಡಿಕೆ ತೋಟ ಇದೆ. ಮಳೆಗಾಲದಲ್ಲಿ ದೋಟಿ, ಅಂದರೆ ಉದ್ದದ ಕೋಲು, ಹಿಡಿದು ಅಡಿಕೆ ಕೊನೆಗೆ ಮದ್ದು ಬಿಟ್ಟ ಮೇಲೆ ಬಲ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ಮೂರು ತಿಂಗಳಾದರೂ ಬಿಟ್ಟಿಲ್ಲ. ನೀರು ತುಂಬಿದ ಚೆಂಬು ಎತ್ತಲೂ ಕಷ್ಟ. ಡಾಕ್ಟರು ಟೆನಿಸ್ ಎಲ್ಬೋ ಅಂದರು. ನಾನು ಟೆನಿಸ್ ಆಡಿದವನೇ ಅಲ್ಲ. ದುಬೈಯಲ್ಲಿರುವ ಭಾವ, 'ಕಪ್ಪಿಂಗ್ ಮಾಡಿಸು, ಎರಡೇ ಸಲಕ್ಕೆ ಹೋಗುತ್ತದೆ' ಅನ್ನುತ್ತಾರೆ. ಮಾಡಿಸಬಹುದಾ? ಕೆಟ್ಟ ರಕ್ತ ತೆಗೆಸಿದರೆ ಒಳ್ಳೆಯದಾ? ಕಲೆ ಉಳಿಯುತ್ತದಾ?

ಉತ್ತರ: ಕಪ್ಪಿಂಗ್ ಅಂದರೆ ಚರ್ಮದ ಮೇಲೆ ಕಪ್ ಇಟ್ಟು ಗಾಳಿ ಎಳೆಯುವುದು. ರಕ್ತ ತೆಗೆಯದ ಒಣ ಕಪ್ಪಿಂಗ್ ಆದರೆ ಮಾಡಿಸಬಹುದು. ಕೆಲವು ದಿನ ನೋವು ಕಮ್ಮಿಯಾಗಲೂಬಹುದು. ಆದರೆ ಹಾಳಾದ ಜಾಗವನ್ನು ಅದು ಸರಿಮಾಡುವುದಿಲ್ಲ. ಹಾಗಾಗಿ ನೋವು ಕಮ್ಮಿಯಾದ ಆ ನಾಲ್ಕು ದಿನ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಫಿಸಿಯೋಥೆರಪಿ ಮಾಡುವವಳಾಗಿ ನಾನು ಹೆಚ್ಚು ಹೆದರುವುದು ಆ ನಾಲ್ಕು ದಿನಕ್ಕೇ.

ಟೆನಿಸ್ ಆಡದವರಿಗೆ ಟೆನಿಸ್ ಎಲ್ಬೋ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಈ ನೋವಿನ ಬಗ್ಗೆ 1873ರಲ್ಲಿ ಮೊದಲು ಬರೆದ ಜರ್ಮನ್ ವೈದ್ಯ ರುಂಗೆ, ಇದನ್ನು ಕಂಡದ್ದು ಬರೆಯುವ ಕೆಲಸದವರಲ್ಲಿ. ಟೆನಿಸಿನ ಹೆಸರು ಅಂಟಿಕೊಂಡದ್ದು ಅದಾಗಿ ಸುಮಾರು ಹತ್ತು ವರ್ಷದ ಮೇಲೆ. ಈ ನೋವು ಬಂದವರಲ್ಲಿ ಹೆಚ್ಚಿನವರು ಯಾವತ್ತೂ ರ‍್ಯಾಕೆಟ್ ಹಿಡಿದವರಲ್ಲ. 35ರಿಂದ 55ರ ನಡುವಿನ ವಯಸ್ಸಿನವರಿಗೇ ಜಾಸ್ತಿ.

ನಿಮ್ಮ ಮೊಣಕೈಯ ಹೊರಬದಿಯಲ್ಲಿ ಒಂದು ಎಲುಬಿನ ಗಂಟು ಕೈಗೆ ಸಿಗುತ್ತದೆ, ಅಲ್ವಾ? ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಮಾಂಸಖಂಡಗಳಲ್ಲಿ ಹೆಚ್ಚಿನವು ಟೆಂಡನ್ ಮೂಲಕ ಅಲ್ಲಿಗೆ ಬಂದು ಕಟ್ಟಿಕೊಂಡಿವೆ. ಟೆಂಡನ್ ಅಂದರೆ ಮಾಂಸವನ್ನು ಎಲುಬಿಗೆ ಕಟ್ಟುವ ಗಟ್ಟಿ ಹಗ್ಗ. ನಮ್ಮ ಕಡೆ ಅದನ್ನೂ ನರ ಅಂತಲೇ ಹೇಳುತ್ತಾರೆ, ಆದರೆ ನರ ಬೇರೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಮಡಚಿಹೋಗದಂತೆ ತಡೆಯುವುದು ಈ ಹಗ್ಗದ ಕೆಲಸ. ಅರುವತ್ತು ಅಡಿಯ ಕಾರ್ಬನ್ ಫೈಬರ್ ದೋಟಿ ನೆನಪು ಮಾಡಿಕೊಳ್ಳಿ. ದೋಟಿ ಹಗುರವೇ. ಆದರೆ ತುದಿ ಗಾಳಿಗೆ ಓಲಾಡುತ್ತದೆ, ಪೈಪಿನ ಭಾರ ಕೆಳಗೆ ಜಗ್ಗುತ್ತದೆ, ನೀವು ಕುತ್ತಿಗೆ ಎತ್ತಿ ಅಡಿಕೆ ಕೊನೆಯನ್ನೇ ನೋಡುತ್ತಾ ಗಂಟೆಗಟ್ಟಲೆ ಬಿಗಿಹಿಡಿದು ನಿಂತಿರುತ್ತೀರಿ. ಸಣ್ಣಸಣ್ಣ ಎಳೆಗಳು ಸವೆಯುತ್ತವೆ. ವಾಸಿಯಾಗುವ ಮೊದಲೇ ಮರುದಿನ ಮತ್ತೆ ಅದೇ ಕೆಲಸ. ಅಡಿಕೆ ಸುಲಿಯುವವರಿಗೆ, ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ, ದಿನಾ ಬಕೆಟುಗಟ್ಟಲೆ ಬಟ್ಟೆ ಹಿಂಡುವ ಅಮ್ಮಂದಿರಿಗೆ ಬರುವುದೂ ಹೀಗೇ.

ಮೊದಲು ಇದನ್ನು ಉರಿಯೂತ ಅಂತ ತಿಳಿದಿದ್ದರು. 1979ರಲ್ಲಿ ಅಮೆರಿಕದ ನಿರ್ಶಲ್ ಅನ್ನುವ ಸರ್ಜನ್ ಮತ್ತು ಅವರ ಜೊತೆಗಾರರು ಆಪರೇಷನ್ನಿನಲ್ಲಿ ತೆಗೆದ ಟೆಂಡನ್ ಹೇಗಿತ್ತು ಅಂತ ವಿವರಿಸಿದರು. ಅಲ್ಲಿ ಕಂಡದ್ದು ಹೆಚ್ಚಾಗಿ ಉರಿಯೂತವಲ್ಲ, ಸವೆದು ಅಡ್ಡಾದಿಡ್ಡಿಯಾಗಿ ಬೆಳೆದ ಎಳೆಗಳು. ಈ ಮಾತು ಮನಸ್ಸಿನಲ್ಲಿರಲಿ. ಸವೆದ ಹಗ್ಗ ಮತ್ತೆ ಗಟ್ಟಿಯಾಗಬೇಕಾದರೆ ಅದಕ್ಕೆ ಅಳತೆಯ ಭಾರ ಬೇಕು. ಹೊರಗಿಂದ ಚರ್ಮ ಎಳೆದರೆ ಸಾಲುವುದಿಲ್ಲ.

ಈಗ ಕಪ್ಪಿಂಗಿಗೆ ಬರೋಣ. ಇದೇನು ಹೊರಗಿಂದ ಬಂದ ಹೊಸ ವಿದ್ಯೆ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಕೊಂಬು ಮತ್ತು ಸೋರೆಬುರುಡೆ ಇಟ್ಟು ರಕ್ತ ಎಳೆಯುವ ಮಾತಿದೆ. ಯುನಾನಿಯಲ್ಲಿ ಇದೇ ಹಿಜಾಮಾ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ದುಂಡಗಿನ ಕಲೆ ಕಂಡಮೇಲಂತೂ ಲೋಕಕ್ಕೆಲ್ಲ ಗೊತ್ತಾಯಿತು.

ಕಪ್ ಇಟ್ಟಾಗ ಏನಾಗುತ್ತದೆ ನೋಡಿ. ಮೊಣಕೈ ಗಂಟಿನಿಂದ ಮೂರು ನಾಲ್ಕು ಬೆರಳು ಕೆಳಗೆ, ಮುಂಗೈಯ ಮಾಂಸ ದಪ್ಪಗಿರುವ ಕಡೆ ಸ್ವಲ್ಪ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಕಪ್ ಕೂರಿಸುತ್ತಾರೆ. ಪಂಪಿನಿಂದ ಎರಡು ಮೂರು ಸಲ ಗಾಳಿ ಎಳೆದರೆ ಚರ್ಮ ಕಪ್‌ನ ಒಳಗೆ ಉಬ್ಬಿ ಏಳುತ್ತದೆ. ಮೊದಲು ತಿಳಿ ಗುಲಾಬಿ. ಐದು ನಿಮಿಷಕ್ಕೆ ಪುನರ್ಪುಳಿ ಶರಬತ್ತಿನ ಬಣ್ಣ. ಬಿಗಿಯುತ್ತದೆ, ಆದರೆ ಚುಚ್ಚುವ ನೋವು ಇರಬಾರದು. ಚುಚ್ಚಿದರೆ ಸುಮ್ನೆ ಕೂರಬೇಡಿ, ಹೇಳಿ, ಗಾಳಿ ಬಿಡಿಸಿ. ಎಲುಬಿನ ಗಂಟಿನ ಮೇಲೆಯೇ ಕಪ್ ಕೂರಿಸಲು ಬಿಡಬೇಡಿ. ಅಲ್ಲಿ ಮಾಂಸವೇ ಇಲ್ಲ.

ಆ ಬಣ್ಣ ಹೊರಗೆ ಬಂದ ವಿಷ ಅಂತ ಕೆಲವರು ಹೇಳುತ್ತಾರೆ. ಅದು ವಿಷ ಅಲ್ಲ. ಚರ್ಮದಡಿಯ ಕೂದಲೆಳೆಯಂಥ ರಕ್ತನಾಳಗಳು ಒಡೆದು ರಕ್ತ ಅಲ್ಲೇ ಹರಡಿದೆ, ಅಷ್ಟೆ. ಪೆಟ್ಟು ಬಿದ್ದಾಗ ನೀಲಿಗಟ್ಟುತ್ತದಲ್ಲ, ಅದೇ. ಹಾಗಾದರೆ ನೋವು ಕಮ್ಮಿಯಾಗುವುದು ಯಾಕೆ? ಬಾಗಿಲಿಗೆ ಮೊಣಕೈ ಬಡಿದರೆ ತಕ್ಷಣ ಉಜ್ಜುತ್ತೇವೆ. ಉಜ್ಜಿದ ಸ್ಪರ್ಶ ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ಅಡ್ಡಗಟ್ಟುತ್ತದೆ ಅಂತ ಮೆಲ್ಝಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಕಪ್‌ನ ಎಳೆತವೂ ಹೀಗೇ ಕೆಲಸ ಮಾಡುತ್ತಿರಬೇಕು. ಜೊತೆಗೆ ಬಿಗಿದ ಮಾಂಸ ಸ್ವಲ್ಪ ಸಡಿಲವಾಗುತ್ತದೆ. ಟೆನಿಸ್ ಎಲ್ಬೋ ಮತ್ತು ಕಪ್ಪಿಂಗ್ ಬಗ್ಗೆ ನಡೆದ ಅಧ್ಯಯನಗಳು ಸಣ್ಣವು, ನೋಡಿದ್ದೂ ಹೆಚ್ಚಾಗಿ ಕೆಲವೇ ವಾರ. ಅವುಗಳನ್ನು ನಂಬಿ 'ಎರಡೇ ಸಲಕ್ಕೆ ಹೋಗುತ್ತದೆ' ಅಂತ ಯಾರೂ ಮಾತು ಕೊಡಬಾರದು. ಭಾವನವರಿಗೆ ಹೋಗಿರಬಹುದು. ಈ ನೋವು ಬಂದವರಲ್ಲಿ ಹತ್ತಕ್ಕೆ ಎಂಟು ಒಂಬತ್ತು ಜನಕ್ಕೆ ಒಂದು ವರ್ಷದೊಳಗೆ ತಾನಾಗಿಯೂ ಕಮ್ಮಿಯಾಗುತ್ತದೆ. ಹಾಗಾಗಿ ಕಡೆಗೆ ಯಾವ ಮದ್ದು ಮಾಡಿದ್ದರೋ ಹೆಸರು ಅದಕ್ಕೇ ಬರುತ್ತದೆ.

ಇನ್ನು ಕೆಟ್ಟ ರಕ್ತದ ವಿಷಯ. ಚರ್ಮಕ್ಕೆ ಗೀರು ಹಾಕಿ ಕಪ್ ಇಟ್ಟಾಗ ಒಳಗೆ ಕಪ್ಪಗೆ, ಗಟ್ಟಿಯಾಗಿ ಬಂದದ್ದನ್ನು ತೋರಿಸಿ 'ನೋಡಿ ಎಷ್ಟು ಕೆಟ್ಟಿದೆ' ಅನ್ನುತ್ತಾರೆ. ಯಾರ ರಕ್ತವನ್ನೇ ಆದರೂ ಹತ್ತು ನಿಮಿಷ ಹೊರಗಿಟ್ಟರೆ ಹಾಗೇ ಹೆಪ್ಪುಗಟ್ಟುತ್ತದೆ. ಮೊಣಕೈಯಲ್ಲಿ ಕೆಟ್ಟ ರಕ್ತ ನಿಂತಿರುವುದಿಲ್ಲ. ಅಲ್ಲಿ ಹರಿಯುವುದು ಎದೆಯಿಂದ ಬಂದು ಎದೆಗೇ ಹೋಗುವ ಅದೇ ರಕ್ತ. ರಕ್ತ ತೆಗೆದರೆ ಸವೆದ ಟೆಂಡನ್ನಿಗೆ ಹೆಚ್ಚಿನ ಲಾಭವೇನೂ ನನಗೆ ಕಾಣುವುದಿಲ್ಲ. ಅಪಾಯ ಮಾತ್ರ ಕಣ್ಣಿಗೆ ಕಾಣುವಂಥದ್ದು. ಬ್ಲೇಡ್ ಅಥವಾ ಕಪ್ ಇನ್ನೊಬ್ಬರಿಗೆ ಬಳಸಿದ್ದಾದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದು. ಗಾಯ ಕೀವಾಗಬಹುದು. ಮದರಸಾ ಹಾಲಿನಲ್ಲೋ ಲಾಡ್ಜಿನ ಕೋಣೆಯಲ್ಲೋ ಒಂದು ದಿನದ ಶಿಬಿರ ಅಂತ ಸಾಲಾಗಿ ಕೂರಿಸುವ ಕಡೆ ದಯವಿಟ್ಟು ಹೋಗಬೇಡಿ. ನಂಬಿಕೆಯಿಂದ ಮಾಡಿಸಲೇಬೇಕು ಅನಿಸಿದರೆ, ಓದಿ ನೋಂದಣಿ ಮಾಡಿಸಿಕೊಂಡ ಯುನಾನಿ ವೈದ್ಯರ ಹತ್ತಿರ ಮಾಡಿಸಿ. ಹೊಸ ಬ್ಲೇಡಿನ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಮುಗಿದ ಮೇಲೆ ಕಪ್ ಕೂಡ ಕಸಕ್ಕೆ ಹೋಗಲಿ.

ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ರಕ್ತ ಕಮ್ಮಿ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಆ ಜಾಗದಲ್ಲಿ ಕಜ್ಜಿ ಗಾಯ ಇರುವವರು ತಮ್ಮ ಡಾಕ್ಟರನ್ನು ಕೇಳದೆ ಒಣ ಕಪ್ಪಿಂಗ್ ಕೂಡ ಮಾಡಿಸಬಾರದು. ಬೆರಳು ಜೋಮು ಹಿಡಿಯುವುದು, ನೋವು ಕುತ್ತಿಗೆಯಿಂದ ಇಳಿದು ಬರುವುದು, ಮೊಣಕೈ ಬಾತು ಬಿಸಿಯಾಗಿ ಜ್ವರ ಬರುವುದು ಇದ್ದರೆ ಅದು ಬೇರೆ ತೊಂದರೆ ಇರಬಹುದು. ಆಗ ಕಪ್ಪಿಂಗಿನ ಮಾತೇ ಬೇಡ, ಮತ್ತೆ ಡಾಕ್ಟರ ಹತ್ತಿರ ಹೋಗಿ.

ಹೆದರುವ ನಾಲ್ಕು ದಿನ ಅಂದೆನಲ್ಲ, ಅದನ್ನು ಹೇಳುತ್ತೇನೆ. ನಮ್ಮಲ್ಲಿಗೆ ಬಂದ ಒಬ್ಬರು ಹೊರಗೆಲ್ಲೋ ಕಪ್ಪಿಂಗ್ ಮಾಡಿಸಿಕೊಂಡಿದ್ದರು. ಮರುದಿನ ಕೈ ಹಗುರವಾಯಿತಂತೆ. ಬಾಕಿ ಇದ್ದ ಅಡಿಕೆಯನ್ನೆಲ್ಲ ಎರಡು ದಿನದಲ್ಲಿ ಸುಲಿದು ಮುಗಿಸಿದರು. ಮೂರನೆಯ ದಿನ ಅಂಗಿಯ ಗುಂಡಿ ಹಾಕಲೂ ಆಗಲಿಲ್ಲ. ಟೆಂಡನ್ ಹಾಗೇ ಇತ್ತು, ಅದರ ಕೂಗು ಮಾತ್ರ ಕೇಳಿಸುತ್ತಿರಲಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ನಿನಲ್ಲೂ ಇಂಥದ್ದೇ ಕಥೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 198 ಜನರನ್ನು ಒಂದು ವರ್ಷ ನೋಡಿದರು. ಆರು ವಾರದ ಹೊತ್ತಿಗೆ ಇಂಜೆಕ್ಷನ್ ತೆಗೆದುಕೊಂಡವರೇ ಎಲ್ಲರಿಗಿಂತ ಆರಾಮವಾಗಿದ್ದರು. ಆಮೇಲೆ ಅವರಲ್ಲಿ ಹೆಚ್ಚಿನವರಿಗೆ ನೋವು ಮರಳಿ ಬಂತು.

ಆ ಹಗುರವಾದ ದಿನಗಳಲ್ಲಿ ಮಾಡಬೇಕಾದದ್ದು ವ್ಯಾಯಾಮ. ಮೇಜಿನ ಮುಂದೆ ಕೂತು ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಮುಖ, ಮಣಿಕಟ್ಟಿನಿಂದ ಮುಂದಿನ ಭಾಗ ಮೇಜಿನಿಂದ ಹೊರಗೆ. ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿಯಿರಿ. ಎಡಗೈಯಿಂದ ಬಲಗೈಯನ್ನು ಮೇಲಕ್ಕೆತ್ತಿ ಕೊಡಿ, ಬಲಗೈ ತಾನಾಗಿ ಎತ್ತುವುದು ಬೇಡ. ಈಗ ಎಡಗೈ ಬಿಟ್ಟು, ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾ ನಿಧಾನ ಕೆಳಗಿಳಿಸಿ. ಇಳಿಸುವುದರಲ್ಲೇ ಎಲ್ಲ ಇರುವುದು. ಹದಿನೈದು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಹದಿನೈದು, ಮತ್ತೆ ಹದಿನೈದು. ದಿನಕ್ಕೊಮ್ಮೆ ಸಾಕು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ನಿನ್ನೆಗಿಂತ ಜಾಸ್ತಿ ಇರಬಾರದು. ಜಾಸ್ತಿಯಾದರೆ ಬಾಟಲಿಯ ನೀರು ಅರ್ಧ ಚೆಲ್ಲಿ ಮಾಡಿ. ಸುಲಭವಾದಂತೆ ಒಂದು ಲೀಟರಿಗೆ ಏರಿಸಿ. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಎರಡನೇ ವಾರದಲ್ಲಿ ಬೇಜಾರು ಬರುತ್ತದೆ, ಹೆಚ್ಚಿನವರು ಬಿಡುವುದು ಅಲ್ಲೇ. ನೀವು ಬಿಡಬೇಡಿ.

ಅಷ್ಟು ದಿನ ದೋಟಿಯನ್ನು ಬೇರೆಯವರಿಗೆ ಕೊಡಿ. ಆಗದಿದ್ದರೆ ಅರ್ಧ ಗಂಟೆಗೊಮ್ಮೆ ಕೈ ಬದಲಿಸಿ, ಹಿಡಿಯುವ ಕಡೆಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ. ಹಿಡಿ ಸ್ವಲ್ಪ ದಪ್ಪವಾಗಿ ಜಾರದೆ ಇದ್ದರೆ ಅಷ್ಟು ಬಿಗಿ ಹಿಡಿಯಬೇಕಿಲ್ಲ. ಬಕೆಟ್, ಗೋಣಿ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮೈಗೆ ಹತ್ತಿರವಿರಲಿ. ಮೆಡಿಕಲಿನಲ್ಲಿ ಸಿಗುವ ಟೆನಿಸ್ ಎಲ್ಬೋ ಬೆಲ್ಟನ್ನು ಗಂಟಿನಿಂದ ಎರಡು ಬೆರಳು ಕೆಳಗೆ ಕಟ್ಟಿ, ಕೆಲಸದ ಹೊತ್ತಿಗೆ ಮಾತ್ರ. ಆರು ತಿಂಗಳು ಹೀಗೆ ಮಾಡಿಯೂ ಗುಣ ಕಾಣದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ.

ಕಲೆಯ ಬಗ್ಗೆ ಕೇಳಿದ್ದೀರಿ. ಒಣ ಕಪ್ಪಿಂಗಿನ ಕಲೆ ಒಂದು ವಾರದಿಂದ ಹತ್ತು ದಿನದೊಳಗೆ ಹಳದಿ ಬಣ್ಣಕ್ಕೆ ತಿರುಗಿ ಮಾಯುತ್ತದೆ. ಅದು ಪೂರ್ತಿ ಹೋಗುವವರೆಗೆ ಅದೇ ಜಾಗದಲ್ಲಿ ಇನ್ನೊಮ್ಮೆ ಕಪ್ ಇಡಿಸಬೇಡಿ. ಬಾಟಲಿಯ ವ್ಯಾಯಾಮಕ್ಕೆ ಕಲೆ ಮಾಯುವವರೆಗೆ ಕಾಯಬೇಕಿಲ್ಲ, ಮರುದಿನವೇ ಶುರುಮಾಡಬಹುದು.