ಮೊದಲ ಪ್ರಶ್ನೆ ಕೇಳಿದವರು ಎಲ್ಲಿ ಹೋದರು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಅಡಿಕೆ ಬೆಳೆಗಾರರ ಒಂದು ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಇಂಥ ಚರ್ಚಾ ಗುಂಪುಗಳನ್ನು ನಡೆಸಿಕೊಡುವುದು, ನಡೆಸುವವರಿಗೆ ಹೇಳಿಕೊಡುವುದು ನನ್ನ ವೃತ್ತಿ. ತೋಟದ ವಿಷಯ ನನಗೆ ಗೊತ್ತಿರುವುದೆಲ್ಲ ಈ ಗುಂಪಿನವರು ಕಲಿಸಿದ್ದೇ.

ಹೋದ ವರ್ಷ ಮಳೆ ಹಿಡಿಯುವ ಮೊದಲು ಒಬ್ಬ ಹುಡುಗ ಗುಂಪಿಗೆ ಸೇರಿದ. ಸೇರಿದ ದಿನವೇ ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದಿನ ಬಗ್ಗೆ ಪ್ರಶ್ನೆ ಹಾಕಿದ: 200 ಲೀಟರ್ ಡ್ರಮ್ಮಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಎಷ್ಟು, ಸುಣ್ಣ ಎಷ್ಟು? ಭಾಷೆ ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷಿನದು. ಹತ್ತು ನಿಮಿಷದಲ್ಲಿ ಹಿರಿಯರೊಬ್ಬರ ಉತ್ತರ ಬಂತು. “ಮೊದಲು ಕನ್ನಡ ಬರೆಯಲು ಕಲಿಯಿರಿ.” ಅದಕ್ಕೆ ನಾಲ್ಕು ಜನ ಹೆಬ್ಬೆರಳು ಎತ್ತಿದರು. ಸ್ವಲ್ಪ ಹೊತ್ತಿಗೆ ಹುಡುಗ ಪ್ರಶ್ನೆಯನ್ನೇ ಅಳಿಸಿಬಿಟ್ಟ.

ರಾತ್ರಿ ಅವನಿಗೆ ಫೋನ್ ಮಾಡಿದೆ. “ಅಕ್ಕ, ನಾನು ಓದಿದ್ದು ಮಲಯಾಳಂ ಮೀಡಿಯಂ. ಮನೆಯಲ್ಲಿ ಕನ್ನಡ, ತುಳು ಮಾತಾಡ್ತೇವೆ, ಬರೆಯಲು ಬರುವುದಿಲ್ಲ. ಅಪ್ಪನಿಗೆ ಹುಷಾರಿಲ್ಲ. ಈ ಸಲ ಮದ್ದು ಬಿಡಿಸುವ ಜವಾಬ್ದಾರಿ ನನ್ನದು” ಎಂದ.

ಆಮೇಲೆ ಹಿರಿಯರಿಗೆ ಫೋನ್ ಮಾಡಿದೆ. ಅವರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಉಳಿಸಲು ಒದ್ದಾಡಿದ ತಲೆಮಾರಿನವರು. ಅವರ ಸಿಟ್ಟಿಗೆ ಕಾರಣ ಇದೆ, ಅದನ್ನು ನಾನು ಗೌರವಿಸುತ್ತೇನೆ. “ಮಾಷ್ಟ್ರೇ, ಆ ಹುಡುಗ ಮಲಯಾಳಂ ಗುಂಪಿಗೆ ಹೋಗಬಹುದಿತ್ತು. ನಮ್ಮಲ್ಲಿಗೆ ಬಂದ ಅಲ್ವಾ?” ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವನ ನಂಬರ್ ಕೊಡಿ” ಎಂದರು. ಹುಡುಗನ ಒಪ್ಪಿಗೆ ಕೇಳಿ ಕೊಟ್ಟೆ.

ಉತ್ತರವನ್ನು ಮರುದಿನ ಗುಂಪಿಗೆ ಬರೆದವರು ಮಾಷ್ಟ್ರೇ. ಈ ಮದ್ದಿಗೆ, ಅಂದರೆ ಶೇ. 1ರ ಬೋರ್ಡೋ ದ್ರಾವಣಕ್ಕೆ, 100 ಲೀಟರ್ ನೀರಿಗೆ ತುತ್ತು 1 ಕಿಲೋ, ಸುಣ್ಣ 1 ಕಿಲೋ. ಹಾಗಾಗಿ 200 ಲೀಟರಿಗೆ ಎರಡೆರಡು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಸುಣ್ಣದ ನೀರಿಗೆ ತುತ್ತಿನ ನೀರನ್ನು ಕದಡುತ್ತಾ ಹೊಯ್ಯಬೇಕು. ಚೊಕ್ಕ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಕಮ್ಮಿ ಎಂದು ಅರ್ಥ. ಇದನ್ನು ಓದಿ ಹತ್ತಾರು ವರ್ಷ ತೋಟ ಮಾಡಿದವರೂ ಕತ್ತಿಯ ಬಗ್ಗೆ ಮತ್ತೆ ಮತ್ತೆ ಕೇಳಿದರು. ಕೇಳಲು ಅವರಿಗೂ ಅಷ್ಟು ದಿನ ನಾಚಿಕೆಯಿತ್ತು ಅಂತ ಕಾಣುತ್ತದೆ.

ಆನ್‌ಲೈನ್ ಗುಂಪುಗಳ ಬಗ್ಗೆ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಲೆಕ್ಕ ಇದೆ. ನೂರು ಜನರಲ್ಲಿ ತೊಂಬತ್ತು ಮಂದಿ ಸುಮ್ನೆ ಓದುತ್ತಾರೆ, ಒಂಬತ್ತು ಮಂದಿ ಅಪರೂಪಕ್ಕೆ ಬರೆಯುತ್ತಾರೆ, ಜಾಸ್ತಿ ಬರೆಯುವವರು ಒಬ್ಬರೇ. ಅದು ಒರಟು ಲೆಕ್ಕ, ಆದರೂ ನಮ್ಮ ಗುಂಪುಗಳಲ್ಲಿ ನಾನು ಕಂಡದ್ದು ಅದರ ಹತ್ತಿರವೇ. ಹೊಸಬನಿಗೆ ಏನು ಉತ್ತರ ಸಿಕ್ಕಿತು ಎಂದು ಆ ತೊಂಬತ್ತು ಜನ ನೋಡುತ್ತಾ ಇರುತ್ತಾರೆ. ಅವನಿಗೆ ಮುಖಭಂಗ ಆದರೆ ಅವರು ಯಾರೂ ಬಾಯಿ ಬಿಡುವುದಿಲ್ಲ. ಅಡ್ಮಿನ್ ಕಾಯಬೇಕಾದ್ದು ಅವರನ್ನು.

ಹೊಸದಾಗಿ ಅಡ್ಮಿನ್ ಆದವರಿಗೆ ಅಳಿಸುವ ಆತುರ ಜಾಸ್ತಿ. ಬೇರೆಯವರ ಮೆಸೇಜನ್ನು ಅಳಿಸುವ ಅಧಿಕಾರವನ್ನು ವಾಟ್ಸಾಪ್ ಅಡ್ಮಿನ್‌ಗಳಿಗೆ ಕೊಟ್ಟದ್ದು 2022ರಲ್ಲಿ. ಆದರೆ ಅಳಿಸಿದವರು ಯಾರು ಎಂದು ಅಲ್ಲೇ ಎಲ್ಲರಿಗೂ ಕಾಣುತ್ತದೆ. ಅದು ಹತ್ತು ಜನರ ಮುಂದೆ ಬೈದ ಹಾಗೆ. ಬೈಗುಳ, ಮೋಸದ ಲಿಂಕ್, ಯಾರದೋ ಆಧಾರ್ ಕಾರ್ಡಿನ ಫೋಟೊ ಬಂದರೆ ನಾನು ಯೋಚಿಸದೆ ಅಳಿಸುತ್ತೇನೆ. ತಪ್ಪು ಮದ್ದಿನ ಅಳತೆಯನ್ನು ಮಾತ್ರ ಅಳಿಸುವುದಿಲ್ಲ. ಅಷ್ಟರಲ್ಲಿ ಎಷ್ಟೋ ಜನ ಅದನ್ನು ಓದಿರುತ್ತಾರೆ. ಅದಕ್ಕೇ ರಿಪ್ಲೈ ಒತ್ತಿ ಸರಿ ಅಳತೆ ಬರೆಯಬೇಕು. ಆಗ ತಪ್ಪು ಓದಿದವರಿಗೆ ಸರಿಯೂ ಸಿಗುತ್ತದೆ.

ಸದಸ್ಯರು ಏನೋ ಹಾಕಿದರೆ ಅಡ್ಮಿನ್ ಜೈಲಿಗೆ ಎಂಬ ಹೆದರಿಕೆ ಇನ್ನೂ ಹರಿದಾಡುತ್ತಿದೆ. ಸದಸ್ಯರ ಪೋಸ್ಟಿಗೆ ಅಡ್ಮಿನ್‌ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲೇ ಹೇಳಿದೆ. ಹೆದರಿ ಗುಂಪಿಗೆ ಬೀಗ ಹಾಕಬೇಡಿ. ಅಡ್ಮಿನ್ ಮಾತ್ರ ಬರೆಯುವ ಗುಂಪು ನೋಟಿಸ್ ಬೋರ್ಡು, ಅಲ್ಲಿ ಚರ್ಚೆ ಇರುವುದಿಲ್ಲ.

ನಮ್ಮೂರಿಗೇ ವಿಶೇಷವಾದ ಒಂದು ಕೆಲಸ ಇದೆ. ಒಬ್ಬರು ತುಳುವಿನಲ್ಲಿ ವಾಯ್ಸ್ ಕಳಿಸುತ್ತಾರೆ, ಇನ್ನೊಬ್ಬರು ಹವ್ಯಕದಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ. ಕಳಿಸಲಿ. ಆದರೆ ಮುಂದಿನ ವರ್ಷ ಕೊಳೆರೋಗ ಎಂದು ಹುಡುಕಿದಾಗ ವಾಯ್ಸ್ ಒಳಗಿನ ಮಾತು ಸಿಗುವುದಿಲ್ಲ. ಹಾಗಾಗಿ ಪ್ರತಿ ಒಳ್ಳೆಯ ವಾಯ್ಸ್‌ಗೂ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯುತ್ತೇನೆ. ಪಿನ್ ಮಾಡಿದರೆ 30 ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬೋರ್ಡೋ ಅಳತೆಯಂಥದ್ದನ್ನು ಗುಂಪಿನ ವಿವರದಲ್ಲೇ ಹಾಕಿಟ್ಟಿದ್ದೇನೆ.

ಹುಡುಗನನ್ನು ನೋಡಿದ ಮೇಲೆ ಗುಂಪಿನ ನಿಯಮಕ್ಕೆ ಒಂದು ಸಾಲು ಸೇರಿಸಿದೆವು: ಯಾವ ಅಕ್ಷರದಲ್ಲಾದರೂ ಕೇಳಿ, ಉತ್ತರ ಕನ್ನಡದಲ್ಲಿ ಕೊಡುತ್ತೇವೆ. ಈ ಸಾಲು ಬರೆದುಕೊಟ್ಟದ್ದು ಮಾಷ್ಟ್ರು.

ದಿನಾ ರಾತ್ರಿ ಊಟ ಆದ ಮೇಲೆ ಗುಂಪನ್ನು ಬೆಳಗ್ಗಿನಿಂದ ಕೆಳಗೆ ಓದುತ್ತಾ ಬರುತ್ತೇನೆ, ಯಾರ ಪ್ರಶ್ನೆ ಹಾಗೇ ಉಳಿದಿದೆ ಎಂದು. ಇವತ್ತು ಎರಡು ಉಳಿದಿವೆ. ಒಂದು ಎಲೆಚುಕ್ಕಿ ರೋಗದ ಫೋಟೊ, ಇನ್ನೊಂದು ಕೊಕ್ಕೊ ರೇಟು. ಗೊತ್ತಿರುವವರಿಗೆ ಈಗಲೇ ಫೋನ್ ಮಾಡಬೇಕು.